ಭಾಷೆ ಬಾರದವರ ಕುರ್ಚಿ

ತನಗೆ ಬಾರದ ಭಾಷೆಗಳ ಕಾರಣಕ್ಕೆ ವನಜಾಕ್ಷಿಗೆ ಆ ಕೆಲಸ ಸಿಕ್ಕಿತ್ತು.

ಅವಳು ಹಿರಿಯೂರಿನವಳು. ದಾವಣಗೆರೆಯ ಆಸ್ಪತ್ರೆಯೊಂದರಲ್ಲಿ ಪುಟ್ಟ ಮಕ್ಕಳ ಕಿವಿ ಪರೀಕ್ಷೆ ಮಾಡುತ್ತ ವರ್ಷಗಳನ್ನು ಕಳೆದಿದ್ದಳು. ಗಂಡನ ಜತೆಗಿನ ಸಂಬಂಧ ಜಗಳವೇ ಇಲ್ಲದೆ, ಮಾತು ಕಡಿಮೆಯಾಗುತ್ತಾ ಆಗುತ್ತಾ ಒಂದು ದಿನ ನಿಂತೇಹೋಗಿತ್ತು. ಮಕ್ಕಳಿರಲಿಲ್ಲ. ಕೆಜಿಎಫ್‌ನಲ್ಲಿ ಎಂಟು ದೇಶಗಳು ಸೇರಿ ನಡೆಸುವ ಆಲಿಕೆ ಕೇಂದ್ರಕ್ಕೆ ಒಳ್ಳೆಯ ಕಿವಿಯವರು ಬೇಕೆಂದು ತಿಳಿದಾಗ ಹೋಗಿ ಕೇಳಿದಳು. ಕನ್ನಡ, ತೆಲುಗು, ಹಿಂದಿ, ಇಂಗ್ಲಿಷು ಬಿಟ್ಟರೆ ಬೇರೇನೂ ಬಾರದು ಎಂದಳು. ಸಂದರ್ಶನಕ್ಕೆ ಕೂತವರ ಮುಖ ಅರಳಿತು. ಅವರಿಗೆ ಬೇಕಾಗಿದ್ದುದು ಅದೇ.

ಭೂಮಿ ನಡುಗುವಾಗ, ಗುಡ್ಡ ಜಾರುವಾಗ, ಹಿಮದ ಕೆರೆ ಒಡೆಯುವಾಗ ಯಾವುದೂ ಗಡಿ ನೋಡಿ ನಿಲ್ಲುವುದಿಲ್ಲ. ಇಷ್ಟು ತಿಳಿಯಲು ಆ ಎಂಟು ದೇಶಗಳಿಗೆ ಬಹಳ ಸಾವುಗಳು ಬೇಕಾದವು. ಕೊನೆಗೊಂದು ಒಪ್ಪಂದವಾಯಿತು. ಅನಾಹುತ ಎಲ್ಲೇ ಆಗಲಿ, ಹತ್ತಿರ ಯಾವ ದೇಶದ ಪಡೆ ಇದೆಯೋ ಅದು ವೀಸಾ, ಪರವಾನಗಿ ಏನೂ ಇಲ್ಲದೆ ಹೊರಡಬೇಕು. ನೇಪಾಳದ ಅಗೆಯುವ ಪಡೆ, ಬಾಂಗ್ಲಾದ ದೋಣಿಗಳು, ಭಾರತದ ಹೆಲಿಕಾಪ್ಟರುಗಳು ಎಲ್ಲವೂ ಎಲ್ಲರವು.

ಪಡೆಗಳ ಜತೆಗೆ ‘ಬೀಜ’ಗಳು ಹೋಗುತ್ತಿದ್ದವು. ಬೀಜವೆಂದರೆ ನೆಲ್ಲಿಕಾಯಿ ಗಾತ್ರದ ಒಂದು ಯಂತ್ರ. ಡ್ರೋನುಗಳು ಅವನ್ನು ಕುಸಿದ ಮಣ್ಣಿನ ಮೇಲೆ, ಮುರಿದ ಗೋಡೆಗಳ ಮೇಲೆ ಚೆಲ್ಲುತ್ತಿದ್ದವು. ಅವು ಸಂದಿ ಹುಡುಕಿಕೊಂಡು ಒಳಗಿಳಿದು, ಸುತ್ತಲಿನ ಕಂಪನವನ್ನೆಲ್ಲ ಹಿಡಿದು ಉಪಗ್ರಹದ ಮೂಲಕ ಕಳಿಸುತ್ತಿದ್ದವು. ನರಳಿಕೆ, ಉಸಿರು, ಬೆರಳಿನಿಂದ ಕಲ್ಲು ತಟ್ಟಿದ ಸದ್ದು, ಎದೆಬಡಿತ ಕೂಡ. ಆ ಬಡಿತ ಮೇಕೆಯದೋ, ಮನುಷ್ಯನದೋ, ಒಡೆದ ಪೈಪಿನಲ್ಲಿ ನೀರು ಬಡಿಯುವುದೋ ಎಂದು ಹೇಳುವುದರಲ್ಲಿ ಗಣಕ ಎಡವುತ್ತಿತ್ತು. ಎಡವದಂತೆ ಮಾಡಬಹುದಿತ್ತು. ಆದರೆ ಒಂದು ದೇಶ ಬರೆದ ಪ್ರೋಗ್ರಾಮನ್ನು ಇನ್ನೊಂದು ದೇಶ ನಂಬುತ್ತಿರಲಿಲ್ಲ. ಹಾಗಾಗಿ ಕಿವಿ ಮನುಷ್ಯರದೇ ಆಗಬೇಕಾಯಿತು. ಕೇಳುವವರು ಬೇರೆ ದೇಶದವರಾಗಿರಬೇಕು, ಮಣ್ಣಿನಡಿ ಇರುವವರ ಭಾಷೆ ಅವರಿಗೆ ಬರಬಾರದು ಎಂದು ನಿಯಮವಾಯಿತು. ಮೊದಲ ವರ್ಷ ಒಂದು ಪ್ರವಾಹದಲ್ಲಿ, ಭಾಷೆ ಬಲ್ಲವನೊಬ್ಬ ಕುರ್ಚಿಯಲ್ಲಿದ್ದ. ತಾನು ದೊಡ್ಡ ಮನುಷ್ಯರ ಬಂಧುವೆಂದು ಕೂಗಿಕೊಂಡವನ ಕಡೆಗೆ ಅವನು ಪಡೆ ಕಳಿಸಿದ. ಪಕ್ಕದ ಕಟ್ಟಡದಲ್ಲಿ, ಕೂಗಲು ಬಾರದ ಹಸುಗೂಸುಗಳು ತೀರಿಕೊಂಡವು. ಮಾತು ಚೆನ್ನಾಗಿ ಬಲ್ಲವನು ಮೊದಲು ಬದುಕಬಾರದು ಎಂದು ಎಂಟೂ ದೇಶಗಳು ಅಂದೇ ತೀರ್ಮಾನಿಸಿದವು.

ಕೇಳುವವರ ಕೆಲಸ ಇಷ್ಟೇ: ಎಲ್ಲಿ ಮೊದಲು ಅಗೆಯಬೇಕು, ಎಲ್ಲಿ ಆಮೇಲೆ ಎಂಬ ಸರದಿ ಹೇಳುವುದು. ಪಡೆ ಮೇಲಿನಿಂದ ಕೈಯಿಟ್ಟ ಕೂಡಲೇ ಆ ಜಾಗದಿಂದ ಸದ್ದು ಬರುವ ದಾರಿ ಕಡಿದುಹೋಗುತ್ತಿತ್ತು. ಮಣ್ಣಿನಡಿ ಇದ್ದವರು ಬದುಕಿದರೋ ಇಲ್ಲವೋ ಎಂದು ಕೇಳಿದವರಿಗೆ ತಿಳಿಸುವಂತಿರಲಿಲ್ಲ. ತಿಳಿದರೆ ಮುಂದಿನ ಸಲ ಕಿವಿ ಅಳುಕುತ್ತದೆ ಎಂಬುದು ವೈದ್ಯರ ಮಾತು. ವನಜಾಕ್ಷಿ ಏಳು ವರ್ಷಗಳಲ್ಲಿ ನೂರಾರು ಎದೆಗಳನ್ನು ಕೇಳಿದ್ದಳು. ಅವರಲ್ಲಿ ಒಬ್ಬರ ಮುಖವೂ ಅವಳಿಗೆ ಗೊತ್ತಿರಲಿಲ್ಲ.

ಇನ್ನೊಂದು ಷರತ್ತೂ ಇತ್ತು. ಕುರ್ಚಿಯಲ್ಲಿ ಕೂರುವವರು ಹೊಸ ಭಾಷೆ ಕಲಿಯಬಾರದು. ಸಿನಿಮಾ ಬೇಡ, ಊರಿನವರ ಜತೆ ಹೆಚ್ಚು ಒಡನಾಟ ಬೇಡ. ವರ್ಷಕ್ಕೊಮ್ಮೆ ಪರೀಕ್ಷೆ ಇರುತ್ತಿತ್ತು: ಬೇರೆ ಬೇರೆ ಭಾಷೆಗಳ ಮಾತು ಕೇಳಿಸಿ, ಅರ್ಥವಾದಾಗ ನಾಡಿ ಹೇಗೆ ಬದಲಾಗುತ್ತದೆಂದು ನೋಡುತ್ತಿದ್ದರು. ವನಜಾಕ್ಷಿ ಪ್ರತಿ ಸಲವೂ ಪಾಸಾಗುತ್ತಿದ್ದಳು.

*

ಅವಳಿಗೆ ಕೊಟ್ಟದ್ದು ಗಣಿ ಕಾರ್ಮಿಕರ ಹಳೆಯ ಲೈನ್ ಮನೆಗಳಲ್ಲೊಂದು. ಒಂದು ಕೋಣೆ, ಒಂದು ಅಡುಗೆಮನೆ, ಪಕ್ಕದ ಮನೆಗೂ ಅವಳ ಮನೆಗೂ ಸೇರಿ ಒಂದೇ ತೆಳು ಗೋಡೆ. ಆಚೆ ಆರೋಕ್ಯಮೇರಿ ಎಂಬಾಕೆ ಗಂಡ, ಎರಡು ಮಕ್ಕಳು, ಅತ್ತೆಯ ಜತೆ ಇದ್ದಳು. ಹೆಸರು ತಿಳಿದದ್ದೂ ಗೋಡೆಯಿಂದಲೇ. ಅತ್ತೆ ದಿನಕ್ಕೆ ಹತ್ತು ಸಲ ಆ ಹೆಸರು ಹಿಡಿದು ಕೂಗುತ್ತಿದ್ದಳು.

ವನಜಾಕ್ಷಿ ಬೀದಿಯಲ್ಲಿ ಸಿಕ್ಕಾಗ ತಲೆಯಾಡಿಸಿ ಮುಂದೆ ಹೋಗುತ್ತಿದ್ದಳು. ಒಂದು ಕ್ರಿಸ್‌ಮಸ್‌ಗೆ ಆರೋಕ್ಯಮೇರಿ ಕಲ್ಕಲ್ ಎಂಬ ಸಿಹಿತಿಂಡಿ ಮಾಡಿ ತಟ್ಟೆಯಲ್ಲಿ ತಂದಿದ್ದಳು. ವನಜಾಕ್ಷಿ ಬಾಗಿಲಲ್ಲೇ ತೆಗೆದುಕೊಂಡು, ತಟ್ಟೆ ತೊಳೆದು ಸಕ್ಕರೆ ಹಾಕಿ ಅವರ ಹೊಸ್ತಿಲ ಮೇಲೆ ಇಟ್ಟು ಬಂದಿದ್ದಳು. ಆಮೇಲೆ ಆಚೆಯಿಂದ ಯಾರೂ ಬರಲಿಲ್ಲ.

ಸಂಜೆ ಅನ್ನ ಬೇಯಿಸಿಕೊಂಡು ಗೋಡೆಗೆ ಒರಗಿ ಕೂರುವುದು ಅವಳ ಅಭ್ಯಾಸ. ಆಚೆ ಪಾತ್ರೆ ಬೀಳುವುದು, ಮಗುವಿಗೆ ಏಟು ಬೀಳುವುದು, ನಲ್ಲಿಯಲ್ಲಿ ನೀರು ಬಂದಾಗ ಆಗುವ ಗದ್ದಲ, ಗಂಡನ ಗೊಣಗಾಟ. ಅದೆಲ್ಲ ಅವಳ ಮಟ್ಟಿಗೆ ಭಾಷೆಯಾಗಿರಲಿಲ್ಲ. ಮರದ ಮೇಲೆ ಹಕ್ಕಿ ಇದ್ದಂತೆ ಆಚೆ ಅವರಿದ್ದರು. ಅವರು ಊರಿಗೆ ಹೋದ ವಾರ ಅವಳಿಗೆ ಊಟ ಸೇರುತ್ತಿರಲಿಲ್ಲ.

*

ಶ್ರೀಲಂಕೆಯ ಬೆಟ್ಟದ ಸೀಮೆಯಲ್ಲಿ ನೀಲಗಲ್ಲ ಎಂಬ ಟೀ ಎಸ್ಟೇಟಿನ ಮೇಲೆ ಗುಡ್ಡ ಜಾರಿದ್ದು ಬೆಳಿಗ್ಗೆ, ಕೂಲಿಯವರು ಕೆಲಸಕ್ಕೆ ಹೊರಟ ಹೊತ್ತಿನಲ್ಲಿ. ವನಜಾಕ್ಷಿ ಕೇಜಿನಲ್ಲಿ, ಅಂದರೆ ಗಣಿಯ ಲಿಫ್ಟಿನಲ್ಲಿ, ಒಳಗೆ ಇಳಿಯುವ ಮೊದಲೇ ಭಾರತದ ಹೆಲಿಕಾಪ್ಟರುಗಳು ಹೊರಟಿದ್ದವು. ಕೊಲಂಬೋದಲ್ಲಿ ತರಬೇತಿಗೆಂದು ಬಂದಿದ್ದ ನೇಪಾಳದ ಅಗೆಯುವ ಪಡೆ ಆಗಲೇ ಬೆಟ್ಟ ಹತ್ತಿತ್ತು. ಅದರ ನಾಯಕ ಘಲೆ.

ಗಣಿಯ ಮೇಲಿನ ಹಂತದಲ್ಲಿ, ನೀರು ಹೊರಹಾಕಿ ಒಣಗಿಸಿದ ಒಂದು ಸುರಂಗದಲ್ಲಿ ಆಲಿಕೆಯ ಕೋಣೆ ಇತ್ತು. ನೆಲದ ಮೇಲಿನ ಒಂದು ಸದ್ದೂ ಅಲ್ಲಿಗೆ ಇಳಿಯುತ್ತಿರಲಿಲ್ಲ. ಮೇಲ್ವಿಚಾರಕಿ ಶಹನಾರಾ ಬೇಗಂ ಬಾಂಗ್ಲಾದ ಬಾರಿಸಾಲಿನವರು, ವಯಸ್ಸಿನಲ್ಲಿ ದೊಡ್ಡವರು. ಸಂತೆಯಲ್ಲಿ ತರಕಾರಿ ಕೊಳ್ಳುತ್ತ ಕನ್ನಡ ಕಲಿತಿದ್ದರು. ಮೇಲ್ವಿಚಾರಕರಿಗೆ ಭಾಷೆಯ ಷರತ್ತು ಇರಲಿಲ್ಲ. ವನಜಾಕ್ಷಿ ಅವರನ್ನು ಆಪಾ, ಅಂದರೆ ಅಕ್ಕ, ಎನ್ನುತ್ತಿದ್ದಳು.

“ಇವತ್ತು ನಿಂದೇ ಕುರ್ಚಿ, ವನಜಾ. ಶಾಂತವಾಗಿ ಕೇಳು” ಎಂದರು ಶಹನಾರಾ.

ವನಜಾಕ್ಷಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿದಳು. ಮೊದಲು ಬರಿಯ ನೀರು. ಆಮೇಲೆ ಒಂದೊಂದೇ ಬೇರ್ಪಟ್ಟವು. ಬೆಟ್ಟದ ಮೇಲ್ಭಾಗದಲ್ಲಿ ಕಾರ್ಮಿಕರ ಮನೆಸಾಲು: ಒಬ್ಬ ಗಂಡಸು ಬಿಡದೆ ಕೂಗುತ್ತಿದ್ದ, ಅವನ ಬಳಿ ಇನ್ನೆರಡು ಎದೆಗಳು. ಮನೆಸಾಲಿನ ಸುತ್ತ ಅಲ್ಲಲ್ಲಿ ಕ್ಷೀಣವಾದ ಉಸಿರು, ಕಲ್ಲು ತಟ್ಟುವ ಸದ್ದು. ಫ್ಯಾಕ್ಟರಿಯ ಹಿಂದೆ ಮೇಕೆಗಳು. ಸ್ವಲ್ಪ ಕೆಳಗೆ ಎಲೆ ತೂಗುವ ಶೆಡ್ಡು: ಅಲ್ಲಿ ಒಂದೇ ಎದೆ, ಹೆಂಗಸಿನದು, ಬಡಿತ ಹದ ತಪ್ಪಿತ್ತು. ಅವಳು ಮೆಲ್ಲಗೆ ಏನೋ ಹೇಳುತ್ತಿದ್ದಳು, ಮತ್ತೆ ಮತ್ತೆ ಅದನ್ನೇ. ಶೆಡ್ಡಿನಿಂದಾಚೆಯ ಇಳಿಜಾರಿನಲ್ಲಿ ಬೀಜಗಳೇ ಇರಲಿಲ್ಲ. ನಕ್ಷೆಯಲ್ಲಿ ಅಲ್ಲಿ ಬರೀ ಟೀ ಗಿಡಗಳಿದ್ದವು.

ಸರದಿ ಸ್ಪಷ್ಟವಿತ್ತು. ಮನೆಸಾಲು ಮೊದಲು, ಶೆಡ್ಡು ಆಮೇಲೆ. ಘಲೆ ಅಗೆಯುವ ಯಂತ್ರವನ್ನು ಮನೆಸಾಲಿನ ಪಕ್ಕ ತಂದು ನಿಲ್ಲಿಸಿದ್ದ. ವನಜಾಕ್ಷಿ ಹೇಳಲು ಬಾಯಿ ತೆರೆದಳು.

ಆಗ ಶೆಡ್ಡಿನ ಹೆಂಗಸಿನ ಮಾತು ಅವಳೊಳಗೆ ಬಿಚ್ಚಿಕೊಂಡಿತು.

“ಪುಳ್ಳೈಂಗ ಕೀಳ ಇರುಕ್ಕು. ಅಂಗ ಪೋಂಗ. ಇಂಗ ವರಾದೀಂಗ.”

ಮಕ್ಕಳು ಕೆಳಗಿದ್ದಾರೆ. ಅಲ್ಲಿಗೆ ಹೋಗಿ. ಇಲ್ಲಿಗೆ ಬರಬೇಡಿ.

ವನಜಾಕ್ಷಿ ಕಣ್ಣು ತೆರೆದಳು. ಇದು ಆರೋಕ್ಯಮೇರಿಯ ಭಾಷೆ. ‘ಪುಳ್ಳೈಂಗ ತೂಂಗುದು’, ಮಕ್ಕಳು ಮಲಗಿವೆ, ಎಂದು ಆಕೆ ಗಂಡನನ್ನು ದಿನಾ ಗದರುತ್ತಿದ್ದಳು. ಪರೀಕ್ಷೆಯಲ್ಲಿ ಕೇಳಿಸುತ್ತಿದ್ದುದು ವಾರ್ತೆಯ ತಮಿಳು, ಒಂದಕ್ಷರವೂ ಅವಳಿಗೆ ತಿಳಿಯುತ್ತಿರಲಿಲ್ಲ. ಇದು ಅಡುಗೆಮನೆಯ ತಮಿಳು. ಇದು ಅವಳಿಗೆ ಗೊತ್ತಿತ್ತು. ಗೊತ್ತಿದೆಯೆಂಬುದು ಮಾತ್ರ ಈವರೆಗೆ ಗೊತ್ತಿರಲಿಲ್ಲ.

ಹೆಂಗಸು ಮತ್ತೆ ಹೇಳಿದಳು. ಹೊಸ ಶಿಶುಕೋಣೆ, ಕೆಳಗಿನ ಇಳಿಜಾರಿನಲ್ಲಿ, ಕಾಂಕ್ರೀಟಿನದು, ಮಕ್ಕಳು ಒಳಗೇ ಇದ್ದಾರೆ. ಮೇಲೆ ಯಂತ್ರದ ಸದ್ದು ಕೇಳುತ್ತಿದೆ. ಮೇಲೆ ಅಗೆದರೆ ಮಣ್ಣೆಲ್ಲ ಅವರ ಮೇಲೆ ಬರುತ್ತೆ.

“ಸರದಿ ಹೇಳಿ” ಎಂದ ಘಲೆ, ರೇಡಿಯೋದಲ್ಲಿ.

ಒಂದು ಸುಳ್ಳು ಅವಳ ನಾಲಿಗೆಯ ತುದಿಗೆ ಬಂದಿತ್ತು. ಕೆಳಗಿನ ಇಳಿಜಾರಿನಲ್ಲಿ ಎದೆಬಡಿತ ಕೇಳಿಸುತ್ತಿದೆ ಎಂದುಬಿಟ್ಟರೆ ಸಾಕಿತ್ತು. ಆದರೆ ಅಲ್ಲಿ ಬೀಜಗಳಿಲ್ಲವೆಂಬುದು ಎಂಟು ದೇಶಗಳ ತೆರೆಗಳ ಮೇಲೂ ಕಾಣುತ್ತಿತ್ತು. ಇಲ್ಲದ ಕಡೆಯಿಂದ ಕೇಳಿಸಿತೆಂದು ಕುರ್ಚಿ ಒಮ್ಮೆ ಹೇಳಿದರೆ, ಮುಂದೆ ಆ ಕುರ್ಚಿಯ ಮಾತನ್ನು ಯಾರೂ ನಂಬುವುದಿಲ್ಲ. ನಿಜ ಹೇಳಿದರೆ ಕುರ್ಚಿ ಖಾಲಿಯಾಗುತ್ತದೆ. ಹೊಸಬರು ಬಂದು ಮೊದಲಿನಿಂದ ಕೇಳುವ ತನಕ ಬೆಟ್ಟದ ಮೇಲೆ ಯಾರೂ ಒಂದು ಹಿಡಿ ಮಣ್ಣು ಎತ್ತುವಂತಿಲ್ಲ. ಮನೆಸಾಲಿನ ಗಂಡಸು ಇನ್ನೂ ಕೂಗುತ್ತಲೇ ಇದ್ದ.

ವನಜಾಕ್ಷಿ ಹೆಡ್‌ಫೋನನ್ನು ಕಿವಿಯಿಂದ ತೆಗೆದಳು.

“ಆಪಾ, ಯಂತ್ರ ನಿಲ್ಲಿಸೋಕೆ ಹೇಳಿ. ನಂಗೆ ಇವರ ಮಾತು ಅರ್ಥ ಆಗ್ತಿದೆ.”

ಶಹನಾರಾ ಅವಳ ಮುಖವನ್ನೇ ನೋಡಿದರು. “ಏನು ಹೇಳ್ತಾ ಇದ್ದೀಯ, ಗೊತ್ತಾ?”

“ಗೊತ್ತು. ಕೆಳಗಡೆ ಮಕ್ಕಳಿದ್ದಾವಂತೆ. ಮೇಲೆ ಅಗೆದ್ರೆ ಅವುಗಳ ಮೇಲೆ ಬೀಳುತ್ತಂತೆ. ಶೆಡ್ಡಿನ ಹೆಂಗಸು ಹೇಳ್ತಿದ್ದಾಳೆ. ನಾನು ಕುರ್ಚಿ ಬಿಡ್ತೀನಿ.”

ಶಹನಾರಾ ರೇಡಿಯೋ ಎತ್ತಿಕೊಂಡು, “ಘಲೆ ಭಾಯಿ, ನಿಲ್ಲಿಸಿ. ಕುರ್ಚಿ ಖಾಲಿ” ಎಂದರು.

“ಇಲ್ಲೊಬ್ಬ ಕೂಗ್ತಿದ್ದಾನೆ, ದೀದಿ! ನನ್ನ ಕಿವಿಗೇ ಕೇಳಿಸ್ತಿದೆ. ಕೈಯಿಂದಾದರೂ ಅಗೀಲಾ?”

“ಬೇಡ. ನಿಲ್ಲಿ.”

ಮೇಲಿನ ಕೋಣೆಯಲ್ಲಿ ಮಲಗಿದ್ದ ಇನ್ನೊಬ್ಬ ಕೇಳುವವ, ಮಾಲ್ಡೀವ್ಸ್‌ನ ಶಿಫಾಜ್‌ನನ್ನು ಎಬ್ಬಿಸಿ ಕೇಜಿನಲ್ಲಿ ಇಳಿಸಿದರು. ಕೆಳಗಿನ ಇಳಿಜಾರಿಗೂ ಬೀಜ ಚೆಲ್ಲಲು ಹೇಳಲಾಯಿತು; ಬೀಜ ಎಲ್ಲಿ ಬೇಕಾದರೂ ಚೆಲ್ಲಬಹುದಿತ್ತು, ಅದಕ್ಕೆ ಯಾವ ನಿಯಮವೂ ಅಡ್ಡಬರುತ್ತಿರಲಿಲ್ಲ. ಶಿಫಾಜ್ ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿದ. ಬಹಳ ಹೊತ್ತು ಒಂದೊಂದೇ ಬೀಜಕ್ಕೆ ಕಿವಿಗೊಟ್ಟ. ಆಮೇಲೆ ಅವನ ಮುಖ ಬದಲಾಯಿತು.

“ಸಣ್ಣ ಎದೆಗಳು. ಬೇಗ ಬೇಗ ಬಡಿತಾ ಇವೆ. ತುಂಬಾ ಇವೆ” ಎಂದ. “ಅಲ್ಲಿಗೇ ಮೊದಲು. ಯಂತ್ರ ಬೇಡ, ಕೈಯಲ್ಲಿ.”

ಅಷ್ಟು ಹೊತ್ತಿಗೆ ಮನೆಸಾಲಿನ ಗಂಡಸಿನ ಕೂಗು ನಿಂತಿತ್ತು. ಅದನ್ನು ಶಿಫಾಜ್ ಯಾರಿಗೂ ಹೇಳಬೇಕಾಗಿರಲಿಲ್ಲ. ಅವನು ತೆರೆಯ ಮೇಲೆ ಅಲ್ಲಿ ಮೂರು ಇದ್ದುದನ್ನು ಎರಡು ಮಾಡಿದ. ವನಜಾಕ್ಷಿ ನೋಡಿದಳು.

*

ಅವಳು ಗೋಡೆಗೆ ಆನಿಕೊಂಡು ನಿಂತಿದ್ದಳು. ಹೋಗೆಂದು ಯಾರೂ ಹೇಳಲಿಲ್ಲ. ಇರೆಂದೂ ಹೇಳಲಿಲ್ಲ. ಶಹನಾರಾ ಹತ್ತಿರ ಬಂದರು.

“ಭಾಷೆ ಬಲ್ಲವರು ಸರದಿ ಹೇಳಬಾರದು ಅಂತ ಇದೆ. ಮಾತಾಡಬಾರದು ಅಂತ ಎಲ್ಲೂ ಇಲ್ಲ” ಎಂದರು. ಬೀಜಗಳಲ್ಲಿ ದನಿ ಕಳಿಸುವ ದಾರಿಯೂ ಇತ್ತು. ಸಹಾಯ ಬರುತ್ತಿದೆ ಎಂಬ ಧ್ವನಿಮುದ್ರಿತ ಮಾತೊಂದನ್ನು ಕೇಳಿಸಲು ಮಾತ್ರ ಅದನ್ನು ಬಳಸುತ್ತಿದ್ದರು. “ಆ ಹೆಂಗಸಿನ ಹತ್ತಿರ ಹೋಗೋಕೆ ಇನ್ನೂ ಹೊತ್ತಾಗುತ್ತೆ. ಕೂತ್ಕೋ. ಮಾತಾಡು.”

“ನಂಗೆ ತಮಿಳು ಆಡೋಕೆ ಬರಲ್ಲ, ಆಪಾ. ಒಂದ್ ಸಲಾನೂ ಆಡಿಲ್ಲ.”

“ಬರೋದನ್ನೇ ಆಡು.”

ಮೂಲೆಯ ಚಿಕ್ಕ ಮೇಜಿನ ಮುಂದೆ ವನಜಾಕ್ಷಿ ಕೂತಳು. ಹೆಂಗಸಿನ ಉಸಿರು ಕಿವಿಗೆ ಬಿತ್ತು. ಏನು ಹೇಳುವುದು? ಧೈರ್ಯ, ಸಹಾಯ, ತಾಳ್ಮೆ, ಯಾವ ಪದವೂ ಅವಳ ಬಳಿ ಇರಲಿಲ್ಲ. ಗೋಡೆಯಾಚೆ ಅಂಥ ಮಾತುಗಳನ್ನು ಯಾರೂ ಆಡಿರಲಿಲ್ಲ. ಹುಡುಕಿ ಹುಡುಕಿ, ಕೊನೆಗೆ ಬಾಯಿಗೆ ಬಂದದ್ದನ್ನೇ ಆಡಿದಳು.

“ಸಾಪ್ಪಿಟ್ಟಿಯಾ?”

ಊಟ ಆಯಿತಾ?

ಆಚೆ ಉಸಿರು ನಿಂತಿತು. ಆಮೇಲೆ ಒಂದು ಸದ್ದು ಬಂತು. ನರಳಿಕೆಯೆಂದೇ ವನಜಾಕ್ಷಿ ತಿಳಿದಳು. ಅಲ್ಲ, ಆ ಹೆಂಗಸು ನಗುತ್ತಿದ್ದಳು.

“ಇಲ್ಲಮ್ಮಾ,” ಎಂದಳು ಅವಳು. “ಇಂಗ ಯಾರು ಪೋಡುವಾ?” ಇಲ್ಲಿ ಯಾರು ಬಡಿಸುತ್ತಾರೆ?

ಅವಳ ಹೆಸರು ಮುತ್ತುಲೆಟ್ಚುಮಿ. ಶಿಶುಕೋಣೆಯ ಆಯಾ. ಮಕ್ಕಳನ್ನು ಮಲಗಿಸಿ ಹಾಲಿನ ಪುಡಿ ತರಲು ಶೆಡ್ಡಿಗೆ ಬಂದಿದ್ದಳು. ಬರುವಾಗ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿದ್ದಳು, ತೆವಳುವ ಮಗುವೊಂದು ಆಚೆ ಬಂದುಬಿಡುತ್ತದೆಂದು. ಆ ಚಿಲಕವೇ ಅವಳ ಎದೆಯ ಮೇಲೆ ಕೂತಿತ್ತು. “ನಾನೇ ಪೂಟ್ಟಿಟ್ಟೇನ್, ನಾನೇ ಪೂಟ್ಟಿಟ್ಟೇನ್” ಎನ್ನುತ್ತಿದ್ದಳು. ನಾನೇ ಚಿಲಕ ಹಾಕಿದೆ.

ವನಜಾಕ್ಷಿ ತನ್ನ ಬಳಿ ಇದ್ದುದನ್ನೆಲ್ಲ ಒಂದೊಂದಾಗಿ ತೆಗೆದು ಕೊಟ್ಟಳು. ನೀರು ಬಂತು, ಕೊಡ ತಗೊಂಡು ಬಾ. ಏಳೋ, ಹೊತ್ತಾಯ್ತು. ಈ ಮನುಷ್ಯನಿಗೆ ಬೇರೆ ಕೆಲಸವೇ ಇಲ್ಲ. ಮೀನು ಇವತ್ತು ಚೆನ್ನಾಗಿಲ್ಲ. ಅತ್ತೆಯ ಗೊಣಗಾಟವನ್ನು ಅತ್ತೆಯ ದನಿಯಲ್ಲೇ ಒಪ್ಪಿಸಿದಳು. ಮುತ್ತುಲೆಟ್ಚುಮಿಗೆ ಏನು ಅರ್ಥವಾಯಿತೋ, ನಡುನಡುವೆ “ಆಮಾ, ಆಮಾ”, ಹೌದು ಹೌದು, ಎಂದಳು, ಯಾರದೋ ಮನೆಯ ಅಡುಗೆಕಟ್ಟೆಯ ಮೇಲೆ ಕೂತು ಮಾತು ಕೇಳುವವರ ಹಾಗೆ.

“ನಿನಗೆ ಎಷ್ಟು ಮಕ್ಕಳು?” ಎಂದು ಕೇಳಿದಳು ಒಮ್ಮೆ.

ಇಲ್ಲ ಎಂದಳು ವನಜಾಕ್ಷಿ.

“ಮನೆಯಲ್ಲಿ ಒಬ್ಬಳೇನಾ?”

“ಆಮಾ.”

“ನಾನುಂ ತಾನ್” ಎಂದಳು ಮುತ್ತುಲೆಟ್ಚುಮಿ. ನಾನೂ ಅಷ್ಟೇ.

ಅವಳ ಬಡಿತಗಳ ನಡುವಿನ ಬಿಡುವು ದೊಡ್ಡದಾಗುತ್ತಿತ್ತು. ಮಕ್ಕಳ ಕಿವಿ ಪರೀಕ್ಷೆ ಮಾಡುತ್ತಿದ್ದ ಕಾಲದಿಂದಲೂ ಸದ್ದಿಗಾಗಿ ಕಾಯುವುದು ವನಜಾಕ್ಷಿಗೆ ಹೊಸದಲ್ಲ. ಆದರೆ ಒಂದು ಬಡಿತ ಮುಗಿದು ಇನ್ನೊಂದು ಬರುವ ತನಕ ತಾನೂ ಉಸಿರು ಹಿಡಿಯುತ್ತಿರುವುದು ಅವಳಿಗೆ ತಿಳಿಯಿತು.

ಶಿಫಾಜ್ ಕುರ್ಚಿಯಿಂದಲೇ ಕೈ ಎತ್ತಿ ಅವಳ ಕಡೆ ನೋಡಿ ತಲೆಯಾಡಿಸಿದ. ಘಲೆಯ ಪಡೆ ಶಿಶುಕೋಣೆಯ ಕಿಟಕಿ ಒಡೆದಿತ್ತು.

“ಪುಳ್ಳೈಂಗ ವಂದುಡ್ಚು” ಎಂದಳು ವನಜಾಕ್ಷಿ. ಮಕ್ಕಳು ಬಂದರು. ಶಾಲೆ ಬಿಟ್ಟಾಗ ಆರೋಕ್ಯಮೇರಿ ಅತ್ತೆಗೆ ಕೂಗಿ ಹೇಳುತ್ತಿದ್ದ ಮಾತು ಅದು.

“ಎಲ್ಲಾರುಂ?”

ಎಲ್ಲರೂ ಬಂದಿದ್ದಾರೋ ಇಲ್ಲವೋ ಅವಳಿಗೆ ತಿಳಿಯದು. ಶಹನಾರಾ ಅವರ ಕಡೆ ತಿರುಗಿ ನೋಡಿದಳು. ಅವರು ಒಂದು ಬೆರಳು ತೋರಿಸಿ ತಾಳೆಂದು ರೇಡಿಯೋಗೆ ಕಿವಿಗೊಟ್ಟರು. ಆಮೇಲೆ ಕಣ್ಣು ಮುಚ್ಚಿ, ತೆರೆದು, ಹೌದೆಂದರು.

“ಎಲ್ಲಾರುಂ” ಎಂದಳು ವನಜಾಕ್ಷಿ.

ಬಡಿತ ಬಂತು. ಮತ್ತೊಂದು ಬಂತು. ವನಜಾಕ್ಷಿ ಮಾತಾಡುತ್ತಲೇ ಹೋದಳು, ತಮಿಳು ಮುಗಿದ ಮೇಲೆ ಕನ್ನಡದಲ್ಲೇ, ಹಿರಿಯೂರಿನ ಬಿಸಿಲು, ವೇದಾವತಿಯ ಒಣ ಮರಳು, ತಾನು ಸೀರೆ ಉಡಲು ಕಲಿತ ದಿನ, ಏನೇನೋ. ಆ ಮಾತುಗಳನ್ನು ಅವಳು ಯಾರಿಗೂ ಹೇಳಿರಲಿಲ್ಲ.

“ಶೆಡ್ಡಿನ ಹತ್ತಿರ ಬಂದಿದ್ದೀವಿ” ಎಂದ ಘಲೆ, ಏದುತ್ತ. “ಇದ್ದಾರಾ?”

ವನಜಾಕ್ಷಿ ಇನ್ನೂ ಒಂದಷ್ಟು ಹೊತ್ತು ಕೇಳಿದಳು.

“ಇಲ್ಲ” ಎಂದಳು.

*

ಮನೆಗೆ ಬಂದಾಗ ಬಿಸಿಲು ಇನ್ನೂ ಇತ್ತು. ಅವಳು ತನ್ನ ಬಾಗಿಲ ಬೀಗ ತೆಗೆಯದೆ ಪಕ್ಕದ ಬಾಗಿಲು ತಟ್ಟಿದಳು. ಆರೋಕ್ಯಮೇರಿ ಕೈಗೆ ಅಂಟಿದ ಹಿಟ್ಟಿನೊಂದಿಗೆ ಬಂದು, ಬೆರಗಾಗಿ ನಿಂತಳು.

“ಏನ್ ಮೇಡಂ, ಮೈ ಸರಿ ಇಲ್ವಾ?”

“ಒಂದ್ ಸ್ವಲ್ಪ ಹೊತ್ತು ಇಲ್ಲಿ ಕೂರಲಾ?”

ಆರೋಕ್ಯಮೇರಿ ಕುರ್ಚಿಯ ಮೇಲಿನ ಬಟ್ಟೆ ರಾಶಿಯನ್ನು ಮಂಚಕ್ಕೆ ಎಸೆದಳು. ಟೀ ಬಂತು. ವನಜಾಕ್ಷಿ ಲೋಟ ಹಿಡಿದುಕೊಂಡು, ಇಷ್ಟು ವರ್ಷ ಗೋಡೆಯ ಮೂಲಕ ಅವರ ಮಾತೆಲ್ಲ ತನಗೆ ಕೇಳಿಸುತ್ತಿತ್ತೆಂದೂ, ಇವತ್ತು ಆ ಮಾತುಗಳನ್ನು ಅವರ ಅಪ್ಪಣೆ ಕೇಳದೆ ತೆಗೆದುಕೊಂಡು ಬೇರೊಬ್ಬರಿಗೆ ಕೊಟ್ಟುಬಿಟ್ಟೆನೆಂದೂ ಹೇಳಿದಳು. ಆರೋಕ್ಯಮೇರಿಗೆ ಅರ್ಧ ಅರ್ಥವಾಯಿತು.

“ಕೇಳ್ಸಿದ್ರೆ ಕೇಳ್ಲಿ ಬಿಡಿ ಮೇಡಂ. ನಮ್ ಮನೇಲಿ ಏನ್ ಗುಟ್ಟಿದೆ?” ಎಂದಳು. “ಆದ್ರೆ ನಿಮ್ ಕಡೆಯಿಂದ ಏನೂ ಕೇಳ್ಸಲ್ವಲ್ಲ. ಒಂದ್ ಹಾಡಿಲ್ಲ, ಒಂದ್ ಫೋನಿಲ್ಲ, ಕೆಮ್ಮೂ ಇಲ್ಲ. ನಮ್ಮತ್ತೆ ಎಷ್ಟೋ ಸಲ ಗೋಡೆಗೆ ಕಿವಿ ಇಟ್ಟು ನೋಡೋರು, ಇದ್ದೀರಾ ಇಲ್ವಾ ಅಂತ” ಎಂದಳು.

ವನಜಾಕ್ಷಿ ಲೋಟವನ್ನು ಕೆಳಗಿಟ್ಟು ಮುಖ ಮುಚ್ಚಿಕೊಂಡಳು. ಆರೋಕ್ಯಮೇರಿ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿ ಅವಳ ಬೆನ್ನ ಮೇಲೆ ಇಟ್ಟಳು.

*

ವಿಚಾರಣೆ ಕಠ್ಮಂಡುವಿನಲ್ಲಿ ನಡೆಯಿತು. ವನಜಾಕ್ಷಿಯನ್ನು ಪರದೆಯ ಮೇಲೆ ಕೇಳಿದರು. ಅವಳು ಮೋಸ ಮಾಡಿಲ್ಲವೆಂದು ಎಲ್ಲರೂ ಒಪ್ಪಿದರು. ಉಳಿದದ್ದನ್ನು ಒಪ್ಪಲಿಲ್ಲ. ಅವಳು ಹೇಳದಿದ್ದರೆ ಮಕ್ಕಳು ಹೋಗುತ್ತಿದ್ದವು ಎಂದರು ಕೆಲವರು. ಅವಳು ತನಗೆ ಭಾಷೆ ಬಂದುದನ್ನು ಮೊದಲೇ ಅರಿತಿದ್ದರೆ ಕುರ್ಚಿ ಖಾಲಿಯಾಗುತ್ತಿರಲಿಲ್ಲ, ಮನೆಸಾಲಿನ ಮನುಷ್ಯ ಬದುಕುತ್ತಿದ್ದ ಎಂದರು ಇನ್ನು ಕೆಲವರು. ವನಜಾಕ್ಷಿ ಎರಡಕ್ಕೂ ಹೌದು ಎಂದಳು. ಕುರ್ಚಿ ಹೋಯಿತು. ಬೇಕಿದ್ದರೆ ಕಚೇರಿಯಲ್ಲಿ ಬೇರೆ ಕೆಲಸವಿದೆ ಎಂದರು.

“ಈಗ ನೀನು ಕೇಳುವವಳಲ್ಲ. ಹಾಗಾಗಿ ನಿನ್ನ ಮೇಲೆ ಯಾವ ನಿಯಮವೂ ಇಲ್ಲ” ಎಂದರು ಶಹನಾರಾ, ಕೇಜಿನ ಬಳಿ ಬೀಳ್ಕೊಡುತ್ತ. “ಎಲ್ಲಿಗೆ ಬೇಕಾದರೂ ಹೋಗಬಹುದು. ಯಾರನ್ನು ಬೇಕಾದರೂ ನೋಡಬಹುದು.”

ಅದನ್ನು ಅವರು ಯಾಕೆ ಹೇಳಿದರೆಂದು ತಿಳಿಯಲು ವನಜಾಕ್ಷಿಗೆ ಕೆಲವು ದಿನ ಬೇಕಾದವು. ಆಮೇಲೆ ನಾಗಪಟ್ಟಣಕ್ಕೆ ಹೋಗಿ ಹಡಗು ಹತ್ತಿದಳು.

ನೀಲಗಲ್ಲ ಅವಳು ಅಂದುಕೊಂಡಂತೆ ಇರಲಿಲ್ಲ. ಕತ್ತಲೆ, ನೀರು, ಕಲ್ಲು ಎಂದಷ್ಟೇ ಅವಳ ಕಿವಿ ಬಲ್ಲ ಜಾಗ ಅದು. ಈಗ ಎಲ್ಲೆಲ್ಲೂ ಹಸಿರು. ನಡುವೆ ಕೆಂಪು ಮಣ್ಣಿನ ಒಂದು ಸೀಳು. ಮನೆ ಕಳೆದುಕೊಂಡವರು ಎಸ್ಟೇಟಿನ ಹಳೆಯ ಸಭಾಂಗಣದಲ್ಲಿದ್ದರು. ಮುತ್ತುಲೆಟ್ಚುಮಿಗೆ ಬಂಧುಗಳು ಯಾರೂ ಇರಲಿಲ್ಲ. ಅವಳ ಫೋಟೋ ಕೂಡ ಸಿಕ್ಕಿರಲಿಲ್ಲ. ಶಿಶುಕೋಣೆಯ ಮಕ್ಕಳ ತಾಯಂದಿರು ಒಂದು ಹಲಗೆಯ ಮೇಲೆ ದೀಪ ಹಚ್ಚಿಟ್ಟಿದ್ದರು, ಅಷ್ಟೇ.

ಭಾರತದಿಂದ ಬಂದವಳು, ಅಂದು ಕೇಳಿಸಿಕೊಂಡವಳು ಎಂದು ಸುದ್ದಿ ಹಬ್ಬಿತು. ಮೊದಲು ತಾಯಂದಿರು ಬಂದರು. ವನಜಾಕ್ಷಿ ತನ್ನ ಮುರುಕು ತಮಿಳಿನಲ್ಲಿ, ಮುತ್ತುಲೆಟ್ಚುಮಿ ಹೇಳಿದ್ದನ್ನೆಲ್ಲ ಹೇಳಿದಳು. ಚಿಲಕದ ಮಾತನ್ನೂ ಹೇಳಿದಳು. ಒಬ್ಬ ತಾಯಿ, “ಚಿಲಕ ಹಾಕಿದ್ದಕ್ಕೇ ನನ್ನ ಮಗು ಒಳಗೆ ಉಳೀತು” ಎಂದು ಅತ್ತಳು.

ಆಮೇಲೆ ಬಂದವಳು ಮನೆಸಾಲಿನ ಗಂಡಸಿನ ಹೆಂಡತಿ. ಇನ್ನೂ ಚಿಕ್ಕ ವಯಸ್ಸು. ಅವಳು ಕೂರಲಿಲ್ಲ.

“ಅವರೂ ಕೂಗ್ತಿದ್ರಂತೆ. ನಿಮಗೆ ಕೇಳಿಸ್ತಾ?”

“ಕೇಳಿಸ್ತು.”

“ಏನಂದ್ರು?”

ಆ ಕೂಗಿನಲ್ಲಿ ಬೈಗುಳವಿತ್ತು, ದೇವರಿತ್ತು. ಇನ್ನೊಂದು ಮಾತು ಹಲವು ಸಲ ಇತ್ತು. ವನಜಾಕ್ಷಿ ಅದನ್ನು ಅವನು ಕೂಗಿದಂತೆಯೇ ಹೇಳಿದಳು: ಸರಸು ಊರಿಗೆ ಹೋಗಿದ್ದಾಳೆ, ಸರಸು ಇಲ್ಲಿಲ್ಲ, ಅವಳನ್ನು ಹುಡುಕಬೇಡಿ.

ಸರಸು ಎಂಬ ಆ ಹುಡುಗಿ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು. “ನೀವು ಎದ್ದು ಹೋಗ್ದೇ ಇದ್ದಿದ್ರೆ ಅವರು ಇರ್ತಿದ್ರಾ?” ಎಂದು ಕೇಳಿದಳು.

“ಇರ್ತಿದ್ರೇನೋ” ಎಂದಳು ವನಜಾಕ್ಷಿ.

ಸರಸು ಹೊರಟುಹೋದಳು. ಕ್ಷಮಿಸಿದಳೋ ಇಲ್ಲವೋ ವನಜಾಕ್ಷಿಗೆ ತಿಳಿಯಲಿಲ್ಲ.

ಅವಳಾದ ಮೇಲೆ ಇನ್ನೂ ಜನ ಬಂದರು. ಸಂಜೆಯವರೆಗೂ ಬಂದರು. ಅಣ್ಣ, ತಾಯಿ, ಮಗಳು, ಹೀಗೆ ಒಬ್ಬೊಬ್ಬರು ಒಬ್ಬೊಬ್ಬರ ಹೆಸರು ಹೇಳಿ, ಎಲ್ಲಿ ಇದ್ದರೆಂದು ಬೆರಳು ತೋರಿಸಿ, ಕಾದರು. ಕೇಳಿಸಿದ್ದನ್ನು ವನಜಾಕ್ಷಿ ಹೇಳಿದಳು. ಒಬ್ಬರ ಉಸಿರು ಹೀಗಿತ್ತು, ಒಬ್ಬರು ಕಲ್ಲು ತಟ್ಟಿದರು, ತಟ್ಟಿದ ಲಯ ಹೀಗಿತ್ತು ಎಂದು ಹಲಗೆಯ ಮೇಲೆ ಬೆರಳಿನಿಂದ ತಟ್ಟಿ ತೋರಿಸಿದಳು. ದನಿ ಒಡೆದುಹೋಯಿತು. ಯಾರೋ ಬಿಸಿನೀರು ತಂದುಕೊಟ್ಟರು.

ಕೊನೆಗೆ ಅವಳ ಬೆಂಚಿನ ಮೇಲೆ ಸನ್ನಾಸಿ ಎಂಬ ಮುದುಕ ಉಳಿದ. ಅವನ ಹೆಂಡತಿ ರಾಮಾಯಿ ಫ್ಯಾಕ್ಟರಿಯ ಹಿಂದೆ, ಮೇಕೆ ಕಟ್ಟಲು ಹೋದವಳು.

ವನಜಾಕ್ಷಿ ನೆನಪನ್ನು ಮತ್ತೆ ಮತ್ತೆ ಜಾಲಾಡಿದಳು. ಮೇಕೆಗಳಿದ್ದವು. ನೀರು ಇತ್ತು. ಬೇರೇನೂ ಇರಲಿಲ್ಲ. ಒಂದು ಮಾತು ಕಟ್ಟಿ ಹೇಳಿದರೆ ಈ ಮುದುಕನಿಗೆ ಸಮಾಧಾನವಾಗುತ್ತಿತ್ತು. ಅವಳಿಗೆ ಅಷ್ಟು ತಮಿಳು ಈಗ ಬರುತ್ತಿತ್ತು.

“ಕೇಳಿಸಲಿಲ್ಲ, ತಾತಾ” ಎಂದಳು. “ಅಲ್ಲಿಂದ ಏನೂ ಕೇಳಿಸಲಿಲ್ಲ.”

ಸನ್ನಾಸಿ ತಲೆಯಾಡಿಸಿದ.

“ಅವಳು ಯಾವಾಗ್ಲೂ ಹಾಗೇನೇ, ಮಗಳೇ” ಎಂದ. “ದನಿ ಎತ್ತಿದವಳೇ ಅಲ್ಲ.”

ಅವನು ಏಳಲಿಲ್ಲ. ಹೊರಗೆ ಮಂಜು ಇಳಿಯುತ್ತಿತ್ತು. ಇಬ್ಬರೂ ಆ ಬೆಂಚಿನ ಮೇಲೆಯೇ ಕೂತಿದ್ದರು.